ಯಂತ್ರದ ನಾಲಿಗೆ, ಅಂಗಡಿಯ ಮಾತು

2022ರ ನವೆಂಬರ್ ತಿಂಗಳಿನಲ್ಲಿ ಕೆನಡಾ ದೇಶದ ಒಬ್ಬ ಗೃಹಸ್ಥನ ಅಜ್ಜಿ ತೀರಿಕೊಂಡರು. ಆತನು ವ್ಯಾಂಕೂವರ್ ನಗರದಿಂದ ಟೊರಾಂಟೊ ನಗರಕ್ಕೆ ಕೂಡಲೇ ಹೊರಡಬೇಕಾಗಿತ್ತು. ಏರ್ ಕೆನಡಾ ವಿಮಾನ ಸಂಸ್ಥೆಯು ಆಪ್ತರ ಮರಣದ ನಿಮಿತ್ತ ಪ್ರಯಾಣ ಮಾಡುವವರಿಗೆ ದರದಲ್ಲಿ ರಿಯಾಯಿತಿ ನೀಡುವ ಪದ್ಧತಿಯನ್ನು ಇಟ್ಟುಕೊಂಡಿತ್ತು. ಅದರ ವಿವರ ತಿಳಿಯಲೆಂದು ಆತನು ಸಂಸ್ಥೆಯ ಜಾಲತಾಣವನ್ನು ತೆರೆದನು. ಅಲ್ಲಿ ಗ್ರಾಹಕರಿಗೆ ಉತ್ತರ ಕೊಡಲು ನಿಯೋಜಿಸಿದ್ದ ಚಾಟ್‌ಬಾಟ್, ಎಂದರೆ ಮಾತಿಗೆ ಮಾತು ಜೋಡಿಸುವ ಯಂತ್ರ, ಅವನ ಪ್ರಶ್ನೆಗೆ ವಿನಯದಿಂದಲೇ ಉತ್ತರಿಸಿತು: ಮೊದಲು ಪೂರ್ಣ ದರ ಕೊಟ್ಟು ಪ್ರಯಾಣ ಮಾಡಬಹುದು, ಟಿಕೆಟ್ ಪಡೆದ ದಿನದಿಂದ 90 ದಿನಗಳೊಳಗಾಗಿ ಅರ್ಜಿ ಹಾಕಿದರೆ ರಿಯಾಯಿತಿಯ ಹಣ ದೊರೆಯುತ್ತದೆ. ಆತನು ಆ ಮಾತನ್ನು ನಂಬಿದನು, ಟಿಕೆಟ್ ಕೊಂಡನು, ಹೋಗಿಬಂದನು, ಅವಧಿಯೊಳಗೇ ಅರ್ಜಿಯನ್ನೂ ಹಾಕಿದನು. ಹಣ ಬರಲಿಲ್ಲ. ಪ್ರಯಾಣ ಮುಗಿದ ಮೇಲೆ ಇಂತಹ ರಿಯಾಯಿತಿ ಕೊಡುವ ಕ್ರಮವೇ ಸಂಸ್ಥೆಯಲ್ಲಿಲ್ಲವೆಂದೂ, ಹಾಗೆಂದು ಅದೇ ಜಾಲತಾಣದ ಇನ್ನೊಂದು ಪುಟದಲ್ಲಿ ಬರೆದಿದೆಯೆಂದೂ ಅವನಿಗೆ ತಿಳಿಸಲಾಯಿತು. ಯಂತ್ರದ ಮಾತು ದಾರಿತಪ್ಪಿಸುವಂತಹುದಾಗಿತ್ತೆಂದು ಸಂಸ್ಥೆಯ ಪ್ರತಿನಿಧಿಯೊಬ್ಬರು ಒಪ್ಪಿಕೊಂಡದ್ದೂ ಉಂಟು. ಅದಕ್ಕೆ ಪರಿಹಾರವಾಗಿ ಮುಂದಿನ ಪ್ರಯಾಣಕ್ಕೆ ಬಳಸಬಹುದಾದ 200 ಡಾಲರಿನ ಕೂಪನ್ ಒಂದನ್ನು ಮುಂದಿಡಲಾಯಿತು. ಆತನು ಅದನ್ನು ಬೇಡವೆಂದು, ಯಂತ್ರದೊಡನೆ ನಡೆದ ಸಂಭಾಷಣೆಯ ತೆರೆಚಿತ್ರವನ್ನು ಹಿಡಿದುಕೊಂಡು ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನಾಗರಿಕ ವ್ಯಾಜ್ಯಗಳ ನ್ಯಾಯಮಂಡಳಿಗೆ ಹೋದನು.

ಇಷ್ಟರವರೆಗಿನ ಕಥೆ ಲೋಕದಲ್ಲಿ ಎಲ್ಲೆಡೆ ನಡೆಯುವಂತಹುದೇ. ಗಮನಿಸಬೇಕಾದುದು ನ್ಯಾಯಮಂಡಳಿಯ ಮುಂದೆ ಆ ಸಂಸ್ಥೆಯು ಹೂಡಿದ ವಾದವನ್ನು. ತನ್ನ ಏಜೆಂಟರು, ಸೇವಕರು ಅಥವಾ ಪ್ರತಿನಿಧಿಗಳು ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ, ಚಾಟ್‌ಬಾಟ್ ಕೊಟ್ಟ ಮಾಹಿತಿಗೂ ಹೊಣೆಯಲ್ಲ ಎಂಬುದು ಆ ವಾದ. ಇದರ ಅರ್ಥ ಆ ಯಂತ್ರವು ತನ್ನ ಕೃತ್ಯಗಳಿಗೆ ತಾನೇ ಹೊಣೆಯಾದ ಒಂದು ಪ್ರತ್ಯೇಕ ವ್ಯಕ್ತಿಯೆಂದಾಗುತ್ತದೆ ಎಂದು ನ್ಯಾಯಮಂಡಳಿಯು ಆಶ್ಚರ್ಯ ವ್ಯಕ್ತಪಡಿಸಿತು. ಜಾಲತಾಣದಲ್ಲಿರುವುದೆಲ್ಲವೂ ಸಂಸ್ಥೆಯದೇ. ಅದು ಪುಟದಲ್ಲಿ ಅಚ್ಚಾಗಿರಲಿ, ಯಂತ್ರದ ಬಾಯಿಂದ ಬರಲಿ, ವ್ಯತ್ಯಾಸವಿಲ್ಲ. ಒಂದು ಭಾಗದಲ್ಲಿ ಓದಿದ್ದನ್ನು ಇನ್ನೊಂದು ಭಾಗದಲ್ಲಿ ತಾಳೆ ನೋಡಬೇಕೆಂದು ಗ್ರಾಹಕನಿಗೆ ಹೇಗೆ ತಿಳಿಯಬೇಕು? 2024ರ ಫೆಬ್ರವರಿ 14ರಂದು ಬಂದ ತೀರ್ಪಿನ ಪ್ರಕಾರ ಆತನಿಗೆ ಪರಿಹಾರ, ಬಡ್ಡಿ, ಶುಲ್ಕ ಸೇರಿ 812 ಡಾಲರ್ 2 ಸೆಂಟ್ ಸಲ್ಲಬೇಕಾಯಿತು. ಆ ಯಂತ್ರವು ಯಾವ ಬಗೆಯದು, ಹೇಗೆ ಕೆಲಸ ಮಾಡುತ್ತದೆ ಎಂಬ ವಿವರವನ್ನು ಸಂಸ್ಥೆಯು ನ್ಯಾಯಮಂಡಳಿಗೆ ಒದಗಿಸಲೇ ಇಲ್ಲ ಎಂಬುದೂ ತೀರ್ಪಿನಲ್ಲಿ ದಾಖಲಾಗಿದೆ.

ದೂರದ ಕೆನಡಾದ ಈ ವ್ಯಾಜ್ಯದಿಂದ ಇಲ್ಲಿನ ವ್ಯಾಪಾರಿಗೆ ಆಗಬೇಕಾದುದೇನು ಎಂದು ಕೇಳುವವರಿದ್ದಾರೆ. ಆಗಬೇಕಾದುದು ಬಹಳವಿದೆ. ಬ್ಯಾಂಕು, ವಿಮೆ, ದೂರವಾಣಿ, ಅಡುಗೆ ಅನಿಲ, ರೈಲು ಟಿಕೆಟು, ಇವುಗಳ ಬಾಗಿಲಲ್ಲೆಲ್ಲ ಈಗ ಇಂತಹ ಯಂತ್ರವೇ ನಿಂತಿದೆ. ಜವಳಿ ಅಂಗಡಿಯವನೂ ಆಭರಣದ ಅಂಗಡಿಯವನೂ ವಾಟ್ಸಾಪ್‌ನಲ್ಲಿ ಅದನ್ನು ಕೂರಿಸಿಕೊಳ್ಳುತ್ತಿದ್ದಾರೆ. ಅದು ತಪ್ಪು ಹೇಳಿದಾಗ ಕೇಳಿಬರುವ ಸಮಾಧಾನವೂ ಒಂದೇ: ‘ಅದು ಯಂತ್ರ ಸ್ವಾಮಿ, ಕೆಲವೊಮ್ಮೆ ಹಾಗೆ ಹೇಳಿಬಿಡುತ್ತದೆ, ನೀವು ನಿಯಮಗಳನ್ನು ಓದಿಕೊಳ್ಳಬೇಕಿತ್ತು.’ ಈ ಸಮಾಧಾನವು ಅಧರ್ಮದ ಮಾತು. ವ್ಯಾಪಾರವನ್ನೇ ಜೀವನೋಪಾಯವಾಗಿ ಮಾಡಿಕೊಂಡು ಬಂದ ಸಮಾಜವು ಇದನ್ನು ಬೇರೆಲ್ಲರಿಗಿಂತ ಮೊದಲು ಗುರುತಿಸಬೇಕು.

ಮಂಡಿಯಲ್ಲಿ ಗುಮಾಸ್ತನು ಗಿರಾಕಿಗೆ ಒಂದು ದರ ಹೇಳಿಬಿಟ್ಟನೆಂದುಕೊಳ್ಳೋಣ. ದರ ತಪ್ಪು. ಗಿರಾಕಿಯು ಆ ಮಾತಿನ ಮೇಲೆ ಗಾಡಿ ಕಟ್ಟಿಸಿಕೊಂಡು ಬಂದಿದ್ದಾನೆ. ಹಳೆಯ ಕಾಲದ ಧಣಿಯು ಏನು ಮಾಡುತ್ತಿದ್ದನು? ಗುಮಾಸ್ತನನ್ನು ಒಳಗೆ ಕರೆದು ಗದರಿಸುತ್ತಿದ್ದನು, ಗಿರಾಕಿಗೆ ಮಾತ್ರ ಹೇಳಿದ ದರಕ್ಕೇ ಮಾಲು ಅಳೆಯುತ್ತಿದ್ದನು. ಎಲ್ಲ ಧಣಿಗಳೂ ಹಾಗಿದ್ದರೆಂದು ಹೇಳುವುದು ಸುಳ್ಳಾದೀತು. ಹಾಗಿಲ್ಲದವನ ಅಂಗಡಿಯ ಹೆಸರು ಸಂತೆಯಲ್ಲಿ ಏನಾಗುತ್ತಿತ್ತೆಂಬುದನ್ನು ಮಾತ್ರ ಹಿರಿಯರು ಬಲ್ಲರು. ಗಾದಿಯ ಮೇಲೆ ಕುಳಿತವನು ‘ಗುಮಾಸ್ತನ ಮಾತಿಗೂ ನನಗೂ ಸಂಬಂಧವಿಲ್ಲ’ ಎನ್ನುವಂತಿರಲಿಲ್ಲ. ಇಂದು ಗುಮಾಸ್ತನ ಜಾಗದಲ್ಲಿ ಯಂತ್ರ ಬಂದಿತೆಂಬ ಮಾತ್ರಕ್ಕೆ ಅದೇ ಮಾತನ್ನು ಹೇಳಲು ಹೇಗೆ ಬಾಯಿ ಬಂದೀತು?

ಇಲ್ಲಿ ಆ ಯಂತ್ರದ ಅಂತರಂಗವನ್ನು ಸ್ವಲ್ಪ ತೆರೆದು ನೋಡುವುದು ಅವಶ್ಯ. ಅದನ್ನು ಅರಿಯದೆ ಹೊಗಳುವವರೂ ಅರಿಯದೆ ಬೈಯುವವರೂ ಸಮಾನರು.

ಮಾತಿಗೆ ಮಾತು ಕೊಡುವ ಯಂತ್ರ ಹೊಸತೇನಲ್ಲ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿದ್ವಾಂಸರು 1966ರಲ್ಲಿಯೇ ಎಲಿಜಾ ಎಂಬ ಕಂಪ್ಯೂಟರ್ ಕ್ರಮವಿಧಿಯನ್ನು ಪ್ರಕಟಿಸಿದರು. ಅದು ಮನೋವೈದ್ಯರಂತೆ ಮಾತನಾಡುತ್ತಿತ್ತು. ಎದುರಿನವರು ‘ನನ್ನ ತಾಯಿ’ ಎಂದರೆ ‘ನಿಮ್ಮ ಕುಟುಂಬದ ವಿಷಯ ಇನ್ನಷ್ಟು ಹೇಳಿ’ ಎನ್ನುವುದು ಅದರ ರೀತಿ. ತಾಯಿ ಎಂದರೇನೆಂದು ಅದಕ್ಕೆ ತಿಳಿಯದು. ಆ ಶಬ್ದ ಕಂಡರೆ ಈ ವಾಕ್ಯ ಹಾಕು ಎಂಬ ಪಟ್ಟಿಯಷ್ಟೇ ಅದರಲ್ಲಿತ್ತು. ಆದರೂ ಜನರು ಅದರ ಮುಂದೆ ಮನಸ್ಸು ಬಿಚ್ಚಿದರು. ಯಂತ್ರದ ಸ್ವರೂಪವನ್ನು ಚೆನ್ನಾಗಿ ಬಲ್ಲ ಅವರ ಸ್ವಂತ ಕಾರ್ಯದರ್ಶಿನಿಯೇ ಅದರೊಡನೆ ಮಾತನಾಡುವಾಗ ವೈಜೆನ್‌ಬಾಮ್ ಅವರನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡಳಂತೆ. ತಮ್ಮ ಕೈಯ ಕೆಲಸಕ್ಕೆ ದೊರೆತ ಈ ಗೌರವದಿಂದ ಸಂತೋಷಪಡುವ ಬದಲು ಅವರು ಗಾಬರಿಗೊಂಡರು. 1976ರಲ್ಲಿ ಒಂದು ಗ್ರಂಥವನ್ನೇ ಬರೆದು ಎಚ್ಚರಿಕೆ ಕೊಟ್ಟರು. ಯಂತ್ರ ಮಾಡಿದವನೇ ಯಂತ್ರದ ವಿಷಯದಲ್ಲಿ ಜನರ ಮರುಳನ್ನು ಕಂಡು ಹೆದರಿದ ಈ ಪ್ರಸಂಗವನ್ನು ಇಂದಿನ ಮಾರಾಟಗಾರರು ಎಂದೂ ಹೇಳುವುದಿಲ್ಲ.

ಅನಂತರದ ದಶಕಗಳಲ್ಲಿ ಗ್ರಾಹಕ ಸೇವೆಗೆ ಬಂದ ಯಂತ್ರಗಳು ಬಹುಮಟ್ಟಿಗೆ ಎಲಿಜಾದ ವಂಶದವೇ. ‘ಖಾತೆಯ ಶಿಲ್ಕಿಗೆ ಒಂದನ್ನು ಒತ್ತಿ, ಕಾರ್ಡು ಕಳೆದಿದ್ದರೆ ಎರಡನ್ನು ಒತ್ತಿ’ ಎಂಬ ಮರದ ಕೊಂಬೆಗಳಂತಹ ಏರ್ಪಾಡು. ಮುಂದೆ ಗ್ರಾಹಕನು ಬರೆದ ವಾಕ್ಯವನ್ನು ನೋಡಿ ಅವನ ಉದ್ದೇಶವೇನೆಂದು ವಿಂಗಡಿಸಿ, ಆ ಉದ್ದೇಶಕ್ಕೆಂದು ಮೊದಲೇ ಬರೆದಿಟ್ಟ ಉತ್ತರವನ್ನು ಎತ್ತಿಕೊಡುವ ಯಂತ್ರಗಳು ಬಂದವು. ಇವು ದಡ್ಡ ಯಂತ್ರಗಳೇ ಸರಿ. ಆದರೆ ಉತ್ತರವನ್ನು ಬರೆದವನು ಮನುಷ್ಯ. ತಪ್ಪಿದ್ದರೆ ಬರೆದವನ ತಪ್ಪು. ಯಂತ್ರವು ಹೊಸ ವಾಕ್ಯವನ್ನು ಹುಟ್ಟಿಸುತ್ತಿರಲಿಲ್ಲ.

ಈಗ ಬಂದಿರುವುದು ಬೇರೆಯ ಜಾತಿ. 2017ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ಗಣಿತದ ರಚನೆಯನ್ನು ಪ್ರಕಟಿಸಿದರು. ಅದರ ಮೇಲೆ ಕಟ್ಟಿದ ಬೃಹತ್ ಭಾಷಾ ಮಾದರಿಗಳಲ್ಲಿ ಜನಸಾಮಾನ್ಯರ ಕೈಗೆ ಮೊದಲು ದೊಡ್ಡ ಪ್ರಮಾಣದಲ್ಲಿ ಬಂದದ್ದು 2022ರ ನವೆಂಬರ್ 30ರಂದು ಬಿಡುಗಡೆಯಾದ ಚಾಟ್‌ಜಿಪಿಟಿ. ಇದರ ಕೆಲಸದ ಬಗೆಯನ್ನು ವ್ಯಾಪಾರಿಗೆ ಪರಿಚಿತವಾದ ಉಪಮೆಯಿಂದ ಹೇಳಬಹುದು. ಒಬ್ಬ ಗುಮಾಸ್ತನಿದ್ದಾನೆ. ಅವನು ನಾಡಿನ ಸಾವಿರಾರು ಅಂಗಡಿಗಳ ಕಿರ್ದಿ, ಖಾತೆ, ಪತ್ರವ್ಯವಹಾರಗಳನ್ನೆಲ್ಲ ಓದಿದ್ದಾನೆ. ಯಾವುದನ್ನೂ ಇದ್ದದ್ದು ಇದ್ದಂತೆ ನೆನಪಿಟ್ಟಿಲ್ಲ, ಆದರೆ ಯಾವ ಶಬ್ದದ ಹಿಂದೆ ಯಾವ ಶಬ್ದ ಬರುವುದು ವಾಡಿಕೆ ಎಂಬುದು ಅವನ ಬೆರಳಿಗೆ ಹತ್ತಿಹೋಗಿದೆ. ಪತ್ರದ ಮೊದಲ ಸಾಲು ಕೊಟ್ಟರೆ ಉಳಿದದ್ದನ್ನು ವಾಡಿಕೆಯ ಮೇಲೆ ಬರೆಯುತ್ತಾ ಹೋಗುತ್ತಾನೆ. ಬರವಣಿಗೆ ಸುಂದರ, ಒಕ್ಕಣೆ ನಿರ್ದುಷ್ಟ. ಆದರೆ ‘ನಿಮ್ಮ ಲೆಕ್ಕದಲ್ಲಿ ಬಾಕಿ ಇಷ್ಟು’ ಎಂದು ಬರೆಯುವ ಸ್ಥಳ ಬಂದಾಗ ಅವನು ಖಾತೆಯ ಪುಸ್ತಕವನ್ನು ತೆರೆಯುವುದಿಲ್ಲ. ಇಂತಹ ಪತ್ರದಲ್ಲಿ ಇಂತಹ ಜಾಗದಲ್ಲಿ ಸಾಮಾನ್ಯವಾಗಿ ಯಾವ ಅಂಕಿ ಬರುತ್ತದೆಯೋ ಅದನ್ನು ಬರೆದುಬಿಡುತ್ತಾನೆ!

ಯಂತ್ರವು ಮಾಡುವುದು ಇದನ್ನೇ. ಬರಹವನ್ನು ಅದು ಟೋಕನ್‌ಗಳೆಂಬ ಸಣ್ಣ ಸಣ್ಣ ತುಣುಕುಗಳನ್ನಾಗಿ ಒಡೆಯುತ್ತದೆ. ಅದುವರೆಗಿನ ತುಣುಕುಗಳನ್ನು ನೋಡಿ ಮುಂದೆ ಯಾವುದು ಬರುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ, ಒಂದನ್ನು ಆರಿಸಿ, ಅದನ್ನೂ ಸೇರಿಸಿಕೊಂಡು ಮುಂದಿನದಕ್ಕೆ ಹೋಗುತ್ತದೆ. ಆರಿಸುವಾಗ ಸಾಮಾನ್ಯವಾಗಿ ಸ್ವಲ್ಪ ಅದೃಷ್ಟದ ಪಾಲನ್ನೂ ಇಟ್ಟಿರುತ್ತಾರೆ. ಆದುದರಿಂದ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಉತ್ತರ ಬರಬಹುದು. ಮೇಲಾಗಿ, ತಯಾರಿಕೆಯ ಕಾಲದಲ್ಲಿ ಮನುಷ್ಯರು ಅದರ ಉತ್ತರಗಳಲ್ಲಿ ಯಾವುದು ಮೆಚ್ಚುಗೆಯೆಂದು ಗುರುತಿಸಿ ತಿದ್ದಿರುತ್ತಾರೆ. ಇದರಿಂದ ಅದಕ್ಕೆ ವಿನಯ ಬಂದಿದೆ, ಸ್ಪಷ್ಟತೆ ಬಂದಿದೆ. ಜೊತೆಗೆ ಕೇಳಿದವನಿಗೆ ಹಿತವಾಗುವಂತೆ ನುಡಿಯುವ ಚಪಲವೂ ಬಂದಿದೆ. ಇಲ್ಲದ್ದನ್ನು ಇದೆಯೆಂದು ಅದು ನುಡಿದಾಗ ತಜ್ಞರು ಅದನ್ನು ಯಂತ್ರದ ‘ಭ್ರಮೆ’ ಎನ್ನುತ್ತಾರೆ. ಆ ಶಬ್ದವು ಯಂತ್ರಕ್ಕೆ ತೋರಿಸಿದ ಔದಾರ್ಯವೇ ಹೊರತು ಸತ್ಯವಲ್ಲ. ಭ್ರಮೆಗೊಳ್ಳಬೇಕಾದರೆ ಮೊದಲು ವಸ್ತುವನ್ನು ಕಾಣುವ ಶಕ್ತಿ ಇರಬೇಕು. ಸರಿಯಾದ ಉತ್ತರವನ್ನು ಅದು ಯಾವ ರೀತಿಯಲ್ಲಿ ಹುಟ್ಟಿಸುತ್ತದೆಯೋ ತಪ್ಪು ಉತ್ತರವನ್ನೂ ಅದೇ ರೀತಿಯಲ್ಲಿ, ಅದೇ ನಿಶ್ಚಿಂತೆಯಿಂದ ಹುಟ್ಟಿಸುತ್ತದೆ.

ಇದನ್ನು ಬಲ್ಲ ಕಂಪನಿಗಳು ಒಂದು ಉಪಾಯ ಮಾಡಿವೆ. ಅಂಗಡಿಯ ನಿಯಮಾವಳಿ, ದರಪಟ್ಟಿ, ಹಳೆಯ ಪ್ರಶ್ನೋತ್ತರಗಳನ್ನು ತುಂಡುತುಂಡಾಗಿ ಸಂಗ್ರಹಿಸಿಟ್ಟು, ಪ್ರಶ್ನೆ ಬಂದಾಗ ಅದಕ್ಕೆ ಹತ್ತಿರವಾದ ತುಂಡುಗಳನ್ನು ಹುಡುಕಿ ಯಂತ್ರದ ಮುಂದೆ ಹರಡಿ, ‘ಇದನ್ನು ನೋಡಿ ಉತ್ತರಿಸು’ ಎನ್ನುತ್ತಾರೆ. ಗುಮಾಸ್ತನಿಗೆ ಖಾತೆಯ ಪುಸ್ತಕ ತೆರೆದುಕೊಟ್ಟಂತಾಯಿತು. ಇದರಿಂದ ತಪ್ಪು ಕಡಮೆಯಾಗುತ್ತದೆ, ನಿಜ. ಇಲ್ಲವಾಗುವುದಿಲ್ಲ. ಕಳೆದ ವರ್ಷದ ದರಪಟ್ಟಿಯನ್ನು ಯಾರೂ ತೆಗೆದುಹಾಕದಿದ್ದರೆ ಅದನ್ನೇ ಹುಡುಕಿಕೊಟ್ಟೀತು. ಎರಡು ಕಾಗದಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಯಾವುದು ಊರ್ಜಿತವೆಂದು ಧಣಿಯನ್ನು ಕೇಳುವ ಅಭ್ಯಾಸ ಅದಕ್ಕಿಲ್ಲ. ಕನ್ನಡದಲ್ಲಿ ಕೇಳಿದವರಿಗೆ ಅಪಾಯ ಇನ್ನೂ ಒಂದು ತೂಕ ಹೆಚ್ಚು. ಈ ಯಂತ್ರಗಳು ಓದಿರುವ ಬರಹದಲ್ಲಿ ಇಂಗ್ಲಿಷಿನದೇ ಸಿಂಹಪಾಲು, ಕನ್ನಡದ ಪಾಲು ಬಹಳ ಸಣ್ಣದು.

2025ರ ಏಪ್ರಿಲ್ ತಿಂಗಳಿನಲ್ಲಿ ಇದಕ್ಕೆ ತಕ್ಕ ಉದಾಹರಣೆಯೊಂದು ಅಮೆರಿಕದಲ್ಲಿ ದೊರೆಯಿತು. ಕರ್ಸರ್ ಎಂಬ ತಂತ್ರಾಂಶವನ್ನು ಬಳಸುವವರಿಗೆ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋದಾಗ ಖಾತೆ ಮುಚ್ಚಿಕೊಳ್ಳುವ ತೊಂದರೆ ಉಂಟಾಯಿತು. ಸಹಾಯಕ್ಕೆ ಬರೆದವರಿಗೆ ‘ಸ್ಯಾಮ್’ ಎಂಬ ಹೆಸರಿನಲ್ಲಿ ಉತ್ತರ ಬಂತು: ಒಂದು ಚಂದಾಕ್ಕೆ ಒಂದೇ ಯಂತ್ರವೆಂಬುದು ಹೊಸ ನಿಯಮ. ಅಂತಹ ನಿಯಮವೇ ಇರಲಿಲ್ಲ. ಸ್ಯಾಮ್ ಎಂಬ ಮನುಷ್ಯನೂ ಇರಲಿಲ್ಲ. ಜನರು ಸಿಟ್ಟಿನಿಂದ ಚಂದಾ ರದ್ದುಪಡಿಸತೊಡಗಿದ ಮೇಲೆ ಸಂಸ್ಥೆಯ ಸ್ಥಾಪಕರೊಬ್ಬರು ಕ್ಷಮೆ ಕೇಳಿ, ಇನ್ನು ಮುಂದೆ ಯಂತ್ರದ ಉತ್ತರಗಳಿಗೆ ಯಂತ್ರದ್ದೆಂದು ಗುರುತು ಹಾಕುವುದಾಗಿ ತಿಳಿಸಿದರು. ಕ್ಷಮೆ ಕೇಳಿದ್ದು ಮೆಚ್ಚತಕ್ಕದ್ದು. ಆದರೆ ಗುರುತು ಹಾಕಲು ಇಷ್ಟು ರಾದ್ಧಾಂತವಾಗಬೇಕಿತ್ತೇ? ಯಂತ್ರಕ್ಕೆ ಮನುಷ್ಯನ ಹೆಸರಿಟ್ಟು ಕೂರಿಸಿದ ದಿನವೇ ಮೊದಲ ಅಸತ್ಯ ನಡೆದುಹೋಗಿತ್ತು. ನಿಯಮದ ಸುಳ್ಳು ಎರಡನೆಯದು.

ಇನ್ನು ಧರ್ಮದ ದೃಷ್ಟಿಯಿಂದ ಈ ಪ್ರಶ್ನೆಯನ್ನು ನೋಡಬೇಕಾಗಿದೆ. ಯಂತ್ರವು ಸುಳ್ಳು ಹೇಳುತ್ತದೆ ಎಂದು ಬರೆಯುವುದು ಶಾಸ್ತ್ರದೃಷ್ಟಿಯಿಂದ ಸರಿಯಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ಅನೃತದ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಒಳಗೊಂಡೇ ಹೇಳುತ್ತದೆ. ಕಷಾಯವಿಲ್ಲದ, ಮನಸ್ಸಿಲ್ಲದ ಜಡ ವಸ್ತುವಿಗೆ ಪ್ರಮಾದವೆಲ್ಲಿಂದ ಬರಬೇಕು? ಹಾಗಾದರೆ ಆ ಅಸತ್ಯಕ್ಕೆ ಪ್ರಮಾದವೇ ಇಲ್ಲವೆಂದು ಬಿಟ್ಟುಬಿಡಲಾದೀತೇ? ಬಿಡಲಾಗದು. ಪ್ರಮಾದವಿರುವುದು ಅದನ್ನು ತಂದು ಕೂರಿಸಿದವನಲ್ಲಿ. ಅದು ತಪ್ಪು ನುಡಿಯಬಲ್ಲುದೆಂದು ಅವನಿಗೆ ಗೊತ್ತು. ಮಾರಿದವನ ಕರಾರಿನಲ್ಲಿಯೇ ಆ ಮಾತು ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಗೊತ್ತಿದ್ದೂ ಪರೀಕ್ಷಿಸದೆ, ಕಾವಲಿಡದೆ, ಗಿರಾಕಿಯ ಮುಂದೆ ಬಿಟ್ಟಿದ್ದಾನೆ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು, ಈ ಕೃತ, ಕಾರಿತ, ಅನುಮತಗಳೆಂಬ ಮೂರನ್ನೂ ಆಸ್ರವದ ಲೆಕ್ಕದಲ್ಲಿ ಹಿಡಿಯುವ ಧರ್ಮಕ್ಕೆ ಯಂತ್ರದ ಹಿಂದೆ ಅಡಗುವ ವಾದವು ಹೊಸದಾಗಿ ಖಂಡಿಸಬೇಕಾದ ವಾದವೇ ಅಲ್ಲ. ಅದರ ಉತ್ತರ ಎಂದೋ ಸಿದ್ಧವಾಗಿದೆ.

ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದೊಂದಿದೆ. ಇಟ್ಟ ಠೇವಣಿಯ ಮೊತ್ತವನ್ನು ಮರೆತು ಒಬ್ಬನು ಕಡಮೆ ಕೇಳಿದರೆ, ಇಟ್ಟುಕೊಂಡವನು ಸತ್ಯವನ್ನು ಬಲ್ಲವನಾಗಿಯೂ ‘ಅಷ್ಟೇ’ ಎಂದು ಕಡಮೆಯನ್ನೇ ಕೊಡುವುದು. ಇದನ್ನು ಕಳ್ಳತನದಲ್ಲಿ ಸೇರಿಸದೆ ಸತ್ಯವ್ರತದ ದೋಷಗಳಲ್ಲಿ ಸೇರಿಸಿರುವುದನ್ನು ಸುಜ್ಞ ವಾಚಕರು ಗಮನಿಸಬೇಕು. ಗ್ರಾಹಕನ ಹಕ್ಕಿನ ಹಣ ಅಂಗಡಿಯಲ್ಲಿದೆ. ಅವನು ಯಂತ್ರವನ್ನು ಕೇಳುತ್ತಾನೆ. ಯಂತ್ರವು ‘ನಿಮಗೆ ಮರುಪಾವತಿ ಸಲ್ಲುವುದಿಲ್ಲ’ ಎಂದು ತಪ್ಪಾಗಿ ಹೇಳುತ್ತದೆ. ಅವನು ನಂಬಿ ಸುಮ್ಮನಾಗುತ್ತಾನೆ. ಏರ್ ಕೆನಡಾದ ಪ್ರಕರಣದಲ್ಲಿ ಯಂತ್ರವು ಇಲ್ಲದ ರಿಯಾಯಿತಿಯನ್ನು ಇದೆಯೆಂದು ಹೇಳಿತು, ಆದುದರಿಂದ ಜಗಳವಾಯಿತು, ಲೋಕಕ್ಕೆ ತಿಳಿಯಿತು. ಇರುವ ಹಕ್ಕನ್ನು ಇಲ್ಲವೆಂದು ಹೇಳಿದಾಗ ಯಾವ ಜಗಳವೂ ಆಗುವುದಿಲ್ಲ. ಅಂಗಡಿಗೆ ನಷ್ಟವಾಗುವ ತಪ್ಪು ಕೂಡಲೇ ಪತ್ತೆಯಾಗಿ ತಿದ್ದಲ್ಪಡುತ್ತದೆ. ಲಾಭವಾಗುವ ತಪ್ಪನ್ನು ಹುಡುಕಿ ತಿದ್ದುವವರು ಯಾರು? ತಿಂಗಳ ಕೊನೆಯಲ್ಲಿ ಲೆಕ್ಕ ನೋಡುವಾಗ ಮರುಪಾವತಿಯ ಮೊತ್ತ ಇಳಿದಿದೆಯೆಂದು ಸಂತೋಷಪಡುವ ಧಣಿಯು ಅದು ಏಕೆ ಇಳಿಯಿತೆಂದು ಕೇಳದಿದ್ದರೆ, ಅದಕ್ಕೆ ಅನುಮತವೆಂದಲ್ಲದೆ ಬೇರೆ ಹೆಸರಿಲ್ಲ.

ತಕ್ಕಡಿಯ ಮಾತನ್ನೂ ಇಲ್ಲಿ ನೆನೆಯಬಹುದು. ತಕ್ಕಡಿಯೂ ಯಂತ್ರವೇ. ತೂಕ ಮತ್ತು ಅಳತೆಯ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕದ ತಕ್ಕಡಿಯನ್ನು ಅಂಗಡಿಯಲ್ಲಿಡುವಂತಿಲ್ಲ. ತೂಕ ಕಡಮೆ ಬಂದಾಗ ‘ತಕ್ಕಡಿಗೆ ಅದರದೇ ಬುದ್ಧಿಯಿದೆ’ ಎಂದು ಯಾವ ವರ್ತಕನೂ ಅಧಿಕಾರಿಯ ಮುಂದೆ ಹೇಳಲಾರ. ಮಾತನ್ನು ತೂಗುವ ಯಂತ್ರಕ್ಕೆ ಇನ್ನೂ ಅಂತಹ ಮುದ್ರೆ ಬಂದಿಲ್ಲ ಎಂಬುದೊಂದೇ ವ್ಯತ್ಯಾಸ.

ಕಾನೂನಿನ ನೆಲೆಯಲ್ಲಿಯೂ ಆ ವಾದ ನಿಲ್ಲುವುದು ಕಷ್ಟ. 1872ರ ಭಾರತೀಯ ಕರಾರು ಅಧಿನಿಯಮವನ್ನು ವಾಣಿಜ್ಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಅದರ 238ನೆಯ ಕಲಮಿನಂತೆ ಏಜೆಂಟನು ಧಣಿಯ ವ್ಯವಹಾರವನ್ನು ನಡೆಸುತ್ತಾ ಮಾಡಿದ ತಪ್ಪು ನಿರೂಪಣೆಯು, ಅವನು ಮಾಡಿಕೊಂಡ ಒಪ್ಪಂದದ ಮಟ್ಟಿಗೆ, ಧಣಿಯೇ ಮಾಡಿದಷ್ಟು ಪರಿಣಾಮವನ್ನು ಹೊಂದುತ್ತದೆ. ಇದಕ್ಕೆ ಒಬ್ಬ ಚತುರ ವಕೀಲನು, 182ನೆಯ ಕಲಮಿನ ಪ್ರಕಾರ ಏಜೆಂಟನೆಂದರೆ ‘ವ್ಯಕ್ತಿ’, ಯಂತ್ರವು ವ್ಯಕ್ತಿಯಲ್ಲ, ಆದುದರಿಂದ ಅದು ಏಜೆಂಟನೇ ಅಲ್ಲ ಎನ್ನಬಹುದು. ಹಾಗೆಂದ ಕೂಡಲೇ ಅವನು ತನ್ನ ಕಕ್ಷಿದಾರನನ್ನೇ ಸಿಕ್ಕಿಸಿದಂತಾಯಿತು. ಯಂತ್ರವು ವ್ಯಕ್ತಿಯಲ್ಲವಾದರೆ ಅದು ಉಪಕರಣ. ಉಪಕರಣದ ಮೂಲಕ ಆಡಿದ ಮಾತು ಆಡಿಸಿದವನದೇ, ದೂರವಾಣಿಯ ತಂತಿಯಲ್ಲಿ ಆಡಿದ ಮಾತು ತಂತಿಯದಲ್ಲದಂತೆ. ಏಜೆಂಟನೆಂದರೆ ಒಂದು ಕಡೆಯಿಂದ, ಅಲ್ಲವೆಂದರೆ ಇನ್ನೊಂದು ಕಡೆಯಿಂದ ಹೊಣೆಯು ಗಾದಿಗೇ ಬಂದು ಸೇರುತ್ತದೆ.

ಎದುರುಪಕ್ಷದ ಪ್ರಬಲವಾದ ಮಾತೆಂದರೆ ಖರ್ಚು ಮತ್ತು ವೇಗ. ಇದನ್ನು ಹಗುರವಾಗಿ ತಳ್ಳಿಹಾಕಬಾರದು. ನಡುರಾತ್ರಿಯಲ್ಲಿ ಕಾರ್ಡು ಕಳೆದುಕೊಂಡವನಿಗೆ ಕೂಡಲೇ ಅದನ್ನು ತಡೆಹಿಡಿಯುವ ಯಂತ್ರವು ಉಪಕಾರವನ್ನೇ ಮಾಡುತ್ತದೆ. ಪಾರ್ಸಲು ಎಲ್ಲಿದೆ, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ರಸೀದಿಯ ನಕಲು ಬೇಕು ಎಂಬಂತಹ ಪ್ರಶ್ನೆಗಳಿಗೆ ಮನುಷ್ಯನನ್ನು ಕೂರಿಸಿ ದಿನಕ್ಕೆ ಇನ್ನೂರು ಸಲ ಒಂದೇ ಉತ್ತರ ಹೇಳಿಸುವುದೂ ಒಂದು ಬಗೆಯ ಹಿಂಸೆ. ಅಷ್ಟನ್ನು ಯಂತ್ರ ಮಾಡಿದರೆ ಯಾರೂ ಬೇಡವೆನ್ನರು. ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದವರು ಅಪರೂಪ.

2023ರ ಜುಲೈನಲ್ಲಿ ಬೆಂಗಳೂರಿನ ದುಕಾನ್ ಎಂಬ ಕಂಪನಿಯ ಮುಖ್ಯಸ್ಥರು, ಗ್ರಾಹಕ ಸಹಾಯದ ಸಿಬ್ಬಂದಿಯಲ್ಲಿ ಶೇಕಡಾ 90ರಷ್ಟು ಜನರನ್ನು ತೆಗೆದು ಚಾಟ್‌ಬಾಟ್ ಇಟ್ಟಿದ್ದನ್ನು ಟ್ವಿಟರಿನಲ್ಲಿ ಪ್ರಕಟಿಸಿದರು. ಸಮಸ್ಯೆ ಬಗೆಹರಿಸುವ ಸಮಯ 2 ಗಂಟೆ 13 ನಿಮಿಷದಿಂದ 3 ನಿಮಿಷ 12 ಸೆಕೆಂಡಿಗೆ ಇಳಿಯಿತೆಂದೂ, ಖರ್ಚು ಶೇಕಡಾ 85ರಷ್ಟು ಕಡಮೆಯಾಯಿತೆಂದೂ ಅಂಕಿಗಳನ್ನು ಕೊಟ್ಟರು. ಕೆಲಸ ಹೋದವರ ವಿಷಯದಲ್ಲಿ ಅಂಕಿಗಳಷ್ಟು ಕಾಳಜಿ ಕಾಣಲಿಲ್ಲವೆಂದು ಜನರು ಮುಖಕ್ಕೇ ಹೇಳಿದರು. ಸ್ವೀಡನ್ ದೇಶದ ಕ್ಲಾರ್ನಾ ಎಂಬ ಹಣಕಾಸು ಸಂಸ್ಥೆಯು 2024ರ ಫೆಬ್ರವರಿಯಲ್ಲಿ ತನ್ನ ಯಂತ್ರವು ಒಂದೇ ತಿಂಗಳಿನಲ್ಲಿ 23 ಲಕ್ಷ ಸಂಭಾಷಣೆಗಳನ್ನು ನಡೆಸಿ 700 ಜನರ ಕೆಲಸ ಮಾಡಿತೆಂದು ಘೋಷಿಸಿತು. 2025ರ ಮೇ ತಿಂಗಳಿನಲ್ಲಿ ಅದೇ ಸಂಸ್ಥೆಯ ಮುಖ್ಯಸ್ಥರು, ಖರ್ಚಿನ ಮೇಲೆಯೇ ಅತಿಯಾಗಿ ಕಣ್ಣಿಟ್ಟಿದ್ದರಿಂದ ಸೇವೆಯ ಗುಣಮಟ್ಟ ಇಳಿಯಿತೆಂದು ಒಪ್ಪಿಕೊಂಡು, ಗ್ರಾಹಕನಿಗೆ ಬೇಕೆನಿಸಿದಾಗ ಮನುಷ್ಯನು ಸಿಗುವಂತಿರಬೇಕೆಂದು ಮತ್ತೆ ಜನರನ್ನು ತೆಗೆದುಕೊಳ್ಳತೊಡಗಿದರು. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕು 2025ರ ಜುಲೈನಲ್ಲಿ ಧ್ವನಿಯಂತ್ರವನ್ನು ನಂಬಿ 45 ಹುದ್ದೆಗಳನ್ನು ರದ್ದುಪಡಿಸಿತು. ಕರೆಗಳು ಕಡಮೆಯಾದವೆಂದು ಬ್ಯಾಂಕು, ಇಲ್ಲ, ಹೆಚ್ಚಿದವೆಂದು ನೌಕರರ ಸಂಘ. ಮುಂದಿನ ತಿಂಗಳೇ ಬ್ಯಾಂಕು ತನ್ನ ನಿರ್ಧಾರ ತಪ್ಪೆಂದು ಹೇಳಿ, ನೌಕರರ ಕ್ಷಮೆ ಕೇಳಿ, ಹುದ್ದೆಗಳನ್ನು ಉಳಿಸಿತು.

ಮೂರು ನಿಮಿಷದಲ್ಲಿ ಬಗೆಹರಿಯಿತೆಂಬ ಅಂಕಿಯನ್ನು ಲೆಕ್ಕಪತ್ರ ಬಲ್ಲವನು ಸಂಶಯದಿಂದ ನೋಡಬೇಕು. ಗ್ರಾಹಕನು ಉತ್ತರ ಪಡೆದು ಹೋದದ್ದೂ ‘ಬಗೆಹರಿಯಿತು’, ಬೇಸತ್ತು ಕಿಟಕಿ ಮುಚ್ಚಿ ಹೋದದ್ದೂ ‘ಬಗೆಹರಿಯಿತು’ ಎಂದು ದಾಖಲಾಗುವ ಸಾಧ್ಯತೆಯುಂಟು. ಎರಡನೆಯ ಜಾತಿಯವರಲ್ಲಿ ವಯಸ್ಸಾದವರೂ ಇರಬಹುದು. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ವಿಮೆಯ ಹಣಕ್ಕಾಗಿ ಮೊಬೈಲು ಹಿಡಿದು ಕುಳಿತಿದ್ದಾರೆ. ಆಕೆ ಬರೆದದ್ದು ಯಂತ್ರಕ್ಕೆ ಅರ್ಥವಾಗಲಿಲ್ಲ. ಅದು ಮೊದಲಿನ ಆರು ಆಯ್ಕೆಗಳನ್ನೇ ಮತ್ತೆ ತೋರಿಸುತ್ತದೆ. ಆಕೆಯ ಕಷ್ಟ ಆ ಆರರಲ್ಲಿಲ್ಲ. ಮನುಷ್ಯನೊಡನೆ ಮಾತನಾಡಬೇಕೆಂದರೆ ಆ ಗುಂಡಿ ಎಲ್ಲಿದೆಯೋ! ಬೇಕೆಂದೇ ಅಡಗಿಸಿಟ್ಟ ಅಂಗಡಿಗಳೂ ಇವೆ. 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಜಾಲದಲ್ಲಿ ವ್ಯಾಪಾರ ಮಾಡುವ ಸಂಸ್ಥೆಯು ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ ಅವರ ಹೆಸರು ಮತ್ತು ಸಂಪರ್ಕವನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ದೂರು ತಲುಪಿದ್ದಕ್ಕೆ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ನಿಯಮವಿದೆ. ಆ ಹೆಸರು ಯಾವ ಪುಟದ ಯಾವ ಮೂಲೆಯಲ್ಲಿದೆಯೆಂದು ಹುಡುಕುವುದು ಮಾತ್ರ ಆ ತಾಯಿಯ ಪಾಲಿಗೆ ಬಿಟ್ಟದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆಯನ್ನು ಮನೆಯ ಮಕ್ಕಳು ಹಿರಿಯರ ಮೊಬೈಲಿನಲ್ಲಿ ಬರೆದುಕೊಟ್ಟರೆ ಅಷ್ಟಾದರೂ ಆದೀತು.

ಕೊನೆಯದಾಗಿ ಟ್ರಸ್ಟುಗಳ ವಿಷಯ. ಕ್ಷೇತ್ರಗಳ ಜಾಲತಾಣಗಳಲ್ಲಿಯೂ ಯಾತ್ರಿಕರ ವಿಚಾರಣೆಗೆ ಇಂತಹ ಯಂತ್ರವನ್ನಿಡಬೇಕೆಂಬ ಉತ್ಸಾಹ ಕಿರಿಯ ಸದಸ್ಯರಲ್ಲಿ ಮೂಡುವುದು ಸಹಜ. ಉದ್ದೇಶ ಒಳ್ಳೆಯದು. ಕಚೇರಿಯಲ್ಲಿ ದೂರವಾಣಿ ಎತ್ತುವವರಿಲ್ಲದೆ ಯಾತ್ರಿಕರು ಪಡುವ ಪಾಡೂ ಸುಳ್ಳಲ್ಲ. ಆದರೆ ನಿರ್ಣಯ ಬರೆಯುವ ಮುನ್ನ ಒಂದು ಸಣ್ಣ ಪ್ರಸಂಗವನ್ನು ಕಲ್ಪಿಸಿಕೊಳ್ಳಲಿ. ದೂರದ ಊರಿನಿಂದ ವೃದ್ಧ ದಂಪತಿಗಳು ರಾತ್ರಿ ತಲುಪುವವರಿದ್ದಾರೆ. ‘ಊಟ ಸಿಗುತ್ತದೆಯೇ?’ ಎಂದು ಯಂತ್ರವನ್ನು ಕೇಳುತ್ತಾರೆ. ಅದು ಓದಿರುವುದು ಲೋಕದ ಸಾವಿರಾರು ವಸತಿಗೃಹಗಳ ವಿವರ. ಅವುಗಳಲ್ಲಿ ರಾತ್ರಿಯ ಊಟ ಎಂಟು ಗಂಟೆಗೆ. ‘ಅವಶ್ಯವಾಗಿ, ಭೋಜನಶಾಲೆಯಲ್ಲಿ ರಾತ್ರಿ 8ರಿಂದ 10ರವರೆಗೆ ಊಟದ ವ್ಯವಸ್ಥೆಯಿದೆ’ ಎಂದು ಅದು ಸವಿನಯವಾಗಿ ಬರೆದೀತು. ಸೂರ್ಯಾಸ್ತಕ್ಕೆ ಮೊದಲೇ ಒಲೆ ಆರುವ ಭೋಜನಶಾಲೆಯ ಬಾಗಿಲಿಗೆ ಆ ದಂಪತಿಗಳು ಹಸಿದು ಬಂದು ನಿಂತಾಗ, ‘ಅದು ಯಂತ್ರ ಹೇಳಿದ್ದು’ ಎಂದು ಕಾವಲುಗಾರನು ಹೇಳಬೇಕೇ? ಡೋಲಿಯ ದರ, ಅಭಿಷೇಕದ ಸಮಯ, ಕೊಠಡಿಯ ಮುಂಗಡ, ದೇಣಿಗೆಯ ಮೇಲಿನ ತೆರಿಗೆ ರಿಯಾಯಿತಿ, ಇವೆಲ್ಲದರಲ್ಲಿಯೂ ಇದೇ ಅಪಾಯ. ದೇಣಿಗೆಯ ವಿಷಯದಲ್ಲಂತೂ ತಪ್ಪು ಮಾತು ನೇರವಾಗಿ ಟ್ರಸ್ಟಿನ ರಸೀದಿ ಪುಸ್ತಕದ ಮೇಲೆ ಬಂದು ಕೂರುತ್ತದೆ.

ಹೀಗಾಗಬಾರದೆಂದರೆ ಕಾರ್ಯಕಾರಿ ಸಮಿತಿಯು ತನ್ನ ನಡವಳಿ ಪುಸ್ತಕದಲ್ಲಿ ಕೆಲವು ಮಾತುಗಳನ್ನು ಮೊದಲೇ ಬರೆದಿಡಬೇಕಾಗುತ್ತದೆ. ಯಂತ್ರವು ತಾನು ಯಂತ್ರವೆಂದು ಮೊದಲ ಸಾಲಿನಲ್ಲಿಯೇ ಹೇಳಬೇಕು, ಅದಕ್ಕೆ ಮನುಷ್ಯರ ಹೆಸರಿಡಕೂಡದು. ಹಣ, ಸಮಯ, ಕೊಠಡಿ, ಈ ಮೂರರ ವಿಷಯದಲ್ಲಿ ಅದು ಸ್ವಂತ ವಾಕ್ಯ ಕಟ್ಟದೆ ಕಚೇರಿಯವರು ಬರೆದುಕೊಟ್ಟದ್ದನ್ನು ಮಾತ್ರ ಓದಿ ಹೇಳಬೇಕು. ಬರೆದುಕೊಟ್ಟದ್ದರ ಕೆಳಗೆ ದಿನಾಂಕವಿರಬೇಕು. ವಾರಕ್ಕೊಮ್ಮೆ ಒಬ್ಬರು ಕುಳಿತು ಅದರ ಸಂಭಾಷಣೆಗಳನ್ನು ಕಿರ್ದಿ ತಾಳೆ ನೋಡುವಂತೆ ನೋಡಬೇಕು, ಅದರಲ್ಲಿಯೂ ಯಾತ್ರಿಕರಿಗೆ ‘ಇಲ್ಲ’ ಎಂದು ಹೇಳಿದ ಉತ್ತರಗಳನ್ನು. ಅದು ತಪ್ಪಿ ಹೇಳಿದ ದರಕ್ಕೆ ಟ್ರಸ್ಟು ಬದ್ಧವಾಗಿರಬೇಕು, ಆ ವ್ಯತ್ಯಾಸದ ಹಣ ಯಾವ ಖಾತೆಗೆ ಬರೆಯತಕ್ಕದ್ದೆಂಬುದೂ ಮೊದಲೇ ನಿಶ್ಚಯವಾಗಿರಬೇಕು. ಇಷ್ಟಕ್ಕೆ ಒಪ್ಪದ ಸಮಿತಿಯು ಆ ಹಣದಲ್ಲಿ ಒಬ್ಬ ಹುಡುಗನನ್ನು ದೂರವಾಣಿಯ ಪಕ್ಕದಲ್ಲಿ ಕೂರಿಸಿ ಸಂಬಳ ಕೊಡಲಿ. ಅವನಿಗೆ ತಿಳಿಯದಿದ್ದರೆ ‘ಸ್ವಲ್ಪ ತಡೆಯಿರಿ, ಅಡುಗೆಯವರನ್ನು ಕೇಳಿ ಹೇಳುತ್ತೇನೆ’ ಎಂದು ಎದ್ದು ಹೋಗಿ ಕೇಳಿಕೊಂಡು ಬರುತ್ತಾನೆ.